ಮಣ್ಣಲ್ಲಿ ಸಿಕ್ಕ ತುಂಡು ಯಾವ ಗನ್ ಟರೆಟ್‌ನದು?

ಎರಡನೆಯ ಮಹಾಯುದ್ಧದಲ್ಲಿ ನೆಲಕ್ಕುರುಳಿದ ಬಾಂಬರ್ ವಿಮಾನದ ಅವಶೇಷಗಳಲ್ಲಿ
ತುಕ್ಕು ಹಿಡಿದ ಲೋಹದ ತುಂಡೊಂದು ಸಿಕ್ಕರೆ,
ಅದು ಯಾವ ಟರೆಟ್‌ಗೆ ಸೇರಿದ್ದೆಂದು ಗುರುತಿಸುವುದು ಹೇಗೆ?

ಟರೆಟ್ ಎಂದರೆ ಮೆಷಿನ್ ಗನ್‌ಗಳನ್ನು ಹೊತ್ತು,
ಎಡಕ್ಕೂ ಬಲಕ್ಕೂ ತಿರುಗುತ್ತಿದ್ದ ಗೂಡು.

ಮೊದಲ ಸುಳಿವು ಆಕಾರ.
ಒಡೆದ ಬಳೆಚೂರಿನ ಬಾಗು ನೋಡಿ ಇಡೀ ಬಳೆಯ ಅಳತೆ ಹೇಳುವಂತೆ,
ಟರೆಟ್ ತಿರುಗುತ್ತಿದ್ದ ಉಂಗುರದ ಒಂದು ತುಂಡಿನಿಂದಲೇ
ಪೂರ್ಣ ವ್ಯಾಸವನ್ನು ಲೆಕ್ಕಹಾಕಿ,
ಹಳೆಯ ನಕ್ಷೆಗಳೊಂದಿಗೆ ಹೋಲಿಸಬಹುದು.

ಎರಡನೆಯದು ಚಾಲಕ ಶಕ್ತಿ.
ಬ್ರಿಟನ್ನಿನ ಲ್ಯಾಂಕಾಸ್ಟರ್ ವಿಮಾನದ ಬಾಲದಲ್ಲಿದ್ದ ಫ್ರೇಜರ್-ನ್ಯಾಶ್ ಟರೆಟ್,
ವಿಮಾನದ ಎಂಜಿನ್ ನಡೆಸುತ್ತಿದ್ದ ಪಂಪಿನಿಂದ
ಕೊಳವೆಗಳಲ್ಲಿ ಹರಿದುಬರುವ ಎಣ್ಣೆಯ ಒತ್ತಡದಿಂದ,
ಅಂದರೆ ಹೈಡ್ರಾಲಿಕ್ ಬಲದಿಂದ ತಿರುಗುತ್ತಿತ್ತು;
ಹ್ಯಾಲಿಫ್ಯಾಕ್ಸ್ ವಿಮಾನದ ಬೌಲ್ಟನ್ ಪಾಲ್ ಟರೆಟ್‌ಗಾದರೋ
ವಿದ್ಯುತ್ ಮೋಟಾರು ಮತ್ತು ಪಂಪು ತನ್ನೊಳಗೇ ಇದ್ದವು.
ಆದ್ದರಿಂದ ಅವಶೇಷದಲ್ಲಿ ಮೋಟಾರಿಗೆ ಜೋಡಿಸಿದ ಪಂಪು ಕಂಡರೆ,
ಶಂಕೆ ಬೌಲ್ಟನ್ ಪಾಲ್ ಕಡೆಗೆ ವಾಲುತ್ತದೆ.

ಮೂರನೆಯದು ಗನ್ನಿನ ಅಳತೆ.
ಆ ಎರಡು ವಿಮಾನಗಳ ಬಾಲದ ಟರೆಟ್‌ಗಳಲ್ಲಿ ಸಾಮಾನ್ಯವಾಗಿ
7.7 ಮಿಲಿಮೀಟರ್‌ನ ನಾಲ್ಕು ಬ್ರೌನಿಂಗ್ ಗನ್‌ಗಳಿದ್ದರೆ,
ಅಮೆರಿಕದ ಬಿ-17 ವಿಮಾನದ ಹೊಟ್ಟೆಯಡಿಯ ಗೋಳಾಕಾರದ ಟರೆಟ್‌ನಲ್ಲಿ
12.7 ಮಿಲಿಮೀಟರ್‌ನ ಎರಡು ಗನ್‌ಗಳಿದ್ದವು.

ಕೊನೆಯದು ಅಕ್ಷರಸಾಕ್ಷಿ.
ಮಣ್ಣನ್ನು ಮೆಲ್ಲನೆ ತೊಳೆದಾಗ ಕಾಣುವ ಭಾಗಸಂಖ್ಯೆ
ಮತ್ತು ಕಾರ್ಖಾನೆಯ ತಪಾಸಣಾ ಮುದ್ರೆಗಳು
ಊಹೆಯನ್ನು ಖಚಿತಗೊಳಿಸುತ್ತವೆ;
ತಂತಿಬ್ರಷ್ಷಿನಿಂದ ಉಜ್ಜಿದರೆ ಅವೇ ಅಳಿಸಿಹೋಗಬಹುದು.

ಬ್ರಿಟನ್ನಿನಲ್ಲಿ 1986ರ ಕಾಯ್ದೆಯ ಪ್ರಕಾರ
ಪತನಗೊಂಡ ಸೇನಾ ವಿಮಾನದ ಅವಶೇಷಗಳನ್ನು ಪರವಾನಗಿಯಿಲ್ಲದೆ ಅಗೆಯುವುದು ಅಪರಾಧ.
ಹಳೆಯ ಗುಂಡುಗಳು ಇಂದಿಗೂ ಸಿಡಿಯಬಲ್ಲವಾದ್ದರಿಂದ,
ಅಂಥದ್ದು ಕಂಡವರು ಮುಟ್ಟದೆ ಪೊಲೀಸರಿಗೆ ತಿಳಿಸಬೇಕು.