ಕುರಿಗಳ ಮದ್ದು ಮಕ್ಕಳ ಬಾಯಿಗೆ

ಪಂಚಗಂಗಾವಳಿ ಹೊಳೆ ಕಡಲು ಸೇರುವ ಉಡುಪಿ ಜಿಲ್ಲೆಯ ಗಂಗೊಳ್ಳಿಯಲ್ಲಿ ಮಳೆಗಾಲ ಹಿಡಿಯಿತೆಂದರೆ ನೆಲ ತಿಂಗಳುಗಟ್ಟಲೆ ಒದ್ದೆ. ಬೆಚ್ಚಗಿನ, ಮರಳು ಬೆರೆತ ಹಸಿ ಮಣ್ಣು ಕೊಕ್ಕೆಹುಳುವಿನ ಮರಿಗಳಿಗೆ ಹೇಳಿ ಮಾಡಿಸಿದ ಜಾಗ. ಬರಿಗಾಲಿನ ಚರ್ಮ ಕೊರೆದೇ ಅವು ಮೈಯೊಳಗೆ ಇಳಿಯುತ್ತವೆ. ಜಂತುಹುಳು ನಿವಾರಣಾ ದಿನದಂದು ಶಾಲೆ, ಅಂಗನವಾಡಿಗಳಲ್ಲಿ ಅಲ್ಬೆಂಡಜೋಲ್ ಕೊಡುವುದು ಇದೇ ಕಾರಣಕ್ಕೆ. ಎರಡು ವರ್ಷ ದಾಟಿದವರಿಗೆ 400 ಮಿಲಿಗ್ರಾಂನ ಇಡೀ ಮಾತ್ರೆ, ಒಂದರಿಂದ ಎರಡು ವರ್ಷದವರಿಗೆ ಅರ್ಧ. ದೊಡ್ಡ ಮಕ್ಕಳು ಅದನ್ನು ಜಗಿದೇ ನುಂಗಬೇಕು.

ಈ ಮದ್ದು ಮೊದಲು ಹುಟ್ಟಿದ್ದು ಜಾನುವಾರುಗಳಿಗಾಗಿ. 1961ರಲ್ಲಿ ಬಂದ ಥಯಾಬೆಂಡಜೋಲ್ ದಾರಿ ತೆರೆದಿತ್ತು. 1970ರ ದಶಕದಲ್ಲಿ ಅಮೆರಿಕದ ಸ್ಮಿತ್‌ಕ್ಲೈನ್ ಕಂಪನಿಯ ರಾಬರ್ಟ್ ಗ್ಯುರಿಕ್ ಮತ್ತು ವಾಸಿಲಿಯೋಸ್ ಥಿಯೊಡೊರಿಡಿಸ್ ಅದೇ ಕುಟುಂಬದ ಅಲ್ಬೆಂಡಜೋಲನ್ನು ರೂಪಿಸಿದರು. ಕುರಿಗಳ ಮೇಲೆ ಪಳಗಿದ ಅದಕ್ಕೆ ಮನುಷ್ಯರ ಬಳಕೆಗೆ ಒಪ್ಪಿಗೆ ಸಿಕ್ಕಿದ್ದು 1982ರಲ್ಲಿ.

ನೀರಲ್ಲಿ ಕರಗದ ಈ ಮದ್ದು ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಬೇರೆ ಔಷಧಕ್ಕಾದರೆ ಇದು ದೋಷ. ಇಲ್ಲಿ ಅದೇ ದೊಡ್ಡ ಗುಣ. ಹುಳುಗಳಿರುವುದೇ ಕರುಳಿನಲ್ಲಿ, ಮದ್ದೂ ಅಲ್ಲೇ ಉಳಿಯುತ್ತದೆ. ಹುಳುವಿನ ಜೀವಕೋಶಗಳಿಗೆ ಹಂದರವಾಗುವ ಟ್ಯುಬುಲಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡು ಆ ಹಂದರವನ್ನೇ ಕೆಡಿಸುತ್ತದೆ. ಗ್ಲೂಕೋಸ್ ಹೀರಲಾರದ ಹುಳು ಮೆಲ್ಲಗೆ ಸೊರಗಿ ಸಾಯುತ್ತದೆ.

ರಕ್ತಕ್ಕೆ ಸೇರಿದ ಚೂರುಪಾರನ್ನು ಯಕೃತ್ತು ಕೂಡಲೇ ಹಿಡಿದು ಅಲ್ಬೆಂಡಜೋಲ್ ಸಲ್ಫಾಕ್ಸೈಡ್ ಆಗಿ ಮಾರ್ಪಡಿಸುತ್ತದೆ. ಸೋಜಿಗವೆಂದರೆ ಈ ಹೊಸ ರೂಪಕ್ಕೂ ಹುಳು ಕೊಲ್ಲುವ ಶಕ್ತಿಯಿದೆ! ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕಿಳಿಯಲು ಸುಮಾರು 8ರಿಂದ 12 ಗಂಟೆ ಬೇಕು. ಮುಂದೆ ಯಕೃತ್ತೇ ಅದನ್ನು ನಿಷ್ಕ್ರಿಯ ಸಲ್ಫೋನ್ ಮಾಡುತ್ತದೆ. ಹೆಚ್ಚಿನ ಪಾಲು ಪಿತ್ತರಸದ ಜತೆ ಹೊರಬೀಳುತ್ತದೆ.

ಊಟದಲ್ಲಿ ಜಿಡ್ಡಿದ್ದರೆ ಲೆಕ್ಕವೇ ಬೇರೆ. ಖಾಲಿ ಹೊಟ್ಟೆಗಿಂತ ಐದು ಪಟ್ಟಿನವರೆಗೂ ಹೆಚ್ಚು ಮದ್ದು ರಕ್ತ ಸೇರಬಹುದು. ಮೆದುಳಿನಲ್ಲಿ ಲಾಡಿಹುಳುವಿನ ಮರಿ ಗೂಡು ಕಟ್ಟಿ ಫಿಟ್ಸ್ ತರುವ ಕಾಯಿಲೆಗೆ ವೈದ್ಯರು ಈ ಮಾತ್ರೆಯನ್ನು ಊಟದ ಜತೆಗೇ, ಹಲವು ದಿನ ಕೊಡುವುದು ಅದಕ್ಕಾಗಿ. ಅಲ್ಲಿ ಮದ್ದು ಕರುಳು ದಾಟಲೇಬೇಕು.

ಆನೆಕಾಲು ರೋಗ ಕಾಡಿದ ಉಡುಪಿ ಜಿಲ್ಲೆಯಲ್ಲಿ ಅಲ್ಬೆಂಡಜೋಲ್ ಆ ರೋಗದ ಮದ್ದಾದ ಡಿಇಸಿ ಮಾತ್ರೆಯ ಜೋಡಿಯಾಗಿಯೂ ದುಡಿದಿದೆ. ಡಿಇಸಿಯ ದಾರಿ ತದ್ವಿರುದ್ಧ: ಬೇಗ ರಕ್ತಕ್ಕಿಳಿದು ಬಹುಪಾಲು ಮೂತ್ರದಲ್ಲಿ ಹೋಗುತ್ತದೆ.

ಕೆಲವು ದಿನ ಕಳೆದರೆ ಅಲ್ಬೆಂಡಜೋಲ್ ಮೈಯಲ್ಲಿ ಉಳಿಯುವುದಿಲ್ಲ, ಲಸಿಕೆಯ ಹಾಗೆ ಕಾಯುವುದೂ ಇಲ್ಲ. ದುಂಡುಹುಳುವಿನ ಮೊಟ್ಟೆಗಳಾದರೋ ಮಣ್ಣಿನಲ್ಲಿ ವರ್ಷಗಟ್ಟಲೆ ಬಾಳುತ್ತವೆ. ಫೆಬ್ರವರಿಯಲ್ಲಿ ಮಾತ್ರೆ ಜಗಿದ ಮಗುವಿಗೆ ಆಗಸ್ಟ್‌ನಲ್ಲಿ ಮತ್ತೊಂದು ಕೊಡುವುದು ಅದಕ್ಕೇ.