ಅಗ್ನಿಶೇಷ, ಋಣಶೇಷ

ಸಾಲ, ಬೆಂಕಿ, ಹಗೆ ಈ ಮೂರನ್ನೂ ಲೇಶಮಾತ್ರವೂ ಉಳಿಸತಕ್ಕದ್ದಲ್ಲವೆಂದು ನಮ್ಮ ನೀತಿಜ್ಞರು ಹೇಳಿರುವರು. ಉಳಿದದ್ದು ಮತ್ತೆ ಬೆಳೆಯುವುದೇ ಅದಕ್ಕೆ ಕಾರಣ. ಈ ಮೂರೂ ಒಮ್ಮೆಗೇ ಗೃಹಸ್ಥನ ಪಾಲಿಗೆ ಬಂದೊದಗುವ ಸಂದರ್ಭವೊಂದು ಈ ಕಾಲದಲ್ಲಿ ಉಂಟು. ಸಾಲ ಮಾಡಿ ಕೊಂಡ ಮೋಟಾರು ಕಾರಿನ ಇಂಜಿನ್ನಿನಲ್ಲಿ ಬೆಂಕಿ ಕಾಣಿಸಿಕೊಳ್ಳುವುದೇ ಆ ಸಂದರ್ಭ. ನಮ್ಮ ಹೆಬ್ಬೂರಿನ ಸೀಮೆಯಲ್ಲಿಯೂ ಈಗ ಅನೇಕರ ಮನೆಯ ಮುಂದೆ ಕಾರು ನಿಂತಿರುವುದರಿಂದ, ಇಂಥ ವೇಳೆಯಲ್ಲಿ ಏನು ಮಾಡಬೇಕು, ಅದಕ್ಕಿಂತ ಮುಖ್ಯವಾಗಿ ಏನು ಮಾಡಬಾರದು ಎಂಬುದನ್ನು ಮನೆಮಂದಿಯೆಲ್ಲರೂ ತಿಳಿದಿರುವುದು ಲೇಸು.

ಉರಿಯುವ ವಸ್ತು, ಉಷ್ಣ, ಗಾಳಿಯೊಳಗಿನ ಆಮ್ಲಜನಕ ಈ ಮೂರು ಕೂಡಿದರೆ ಬೆಂಕಿ ಹುಟ್ಟುವುದು. ಇಂಜಿನ್ನಿನ ಮುಚ್ಚಳದ ಕೆಳಗೆ ಇವು ಮೂರೂ ಸದಾ ಸನ್ನಿಹಿತವಾಗಿರುತ್ತವೆ. ಪೆಟ್ರೋಲಿನ ಆವಿಯು ಸೊನ್ನೆಗಿಂತ ಸುಮಾರು 40 ಡಿಗ್ರಿ ಕೆಳಗಿನ ಚಳಿಯಲ್ಲಿಯೂ ಕಿಡಿ ತಗುಲಿದರೆ ಹೊತ್ತಿಕೊಳ್ಳತಕ್ಕದ್ದು. ಹೊಗೆಕೊಳವೆಯ ಭಾಗಗಳೋ ಹಲವು ನೂರು ಡಿಗ್ರಿಗಳವರೆಗೆ ಕಾಯುವುವು. ಬಿರಿದ ರಬ್ಬರು ಕೊಳವೆ, ಸಡಿಲವಾದ ಬ್ಯಾಟರಿಯ ತಂತಿ, ಹೆಚ್ಚಿನ ದೀಪಗಳಿಗಾಗಿ ಮೂಲ ತಂತಿಯನ್ನು ಕತ್ತರಿಸಿ ಮಾಡಿದ ಜೋಡಣೆ, ಒರೆಸಿ ಮರೆತ ಎಣ್ಣೆಬಟ್ಟೆ, ಇವುಗಳಲ್ಲಿ ಒಂದೇ ಸಾಕು. ಬೆಚ್ಚನೆಯ ತಾಣವನ್ನರಸಿ ಬರುವ ಇಲಿಗಳು ನಾರನ್ನೂ ಹುಲ್ಲನ್ನೂ ತಂದು ಅಲ್ಲಿ ಗೂಡು ಕಟ್ಟುವುದೂ, ತಂತಿಯ ಹೊದಿಕೆಯನ್ನು ಕಡಿಯುವುದೂ ಉಂಟು.

ನಮ್ಮ ಕಡೆಗೆ ವಿಶೇಷವಾದ ಇನ್ನೊಂದು ಕಾರಣವಿದೆ. ಸುಗ್ಗಿಯಲ್ಲಿ ರಾಗಿಯನ್ನೂ ಹುರುಳಿಯನ್ನೂ ಡಾಂಬರು ರಸ್ತೆಯ ಮೇಲೆ ಹರಡಿ, ಹೋಗಿಬರುವ ಗಾಡಿಗಳಿಂದಲೇ ಒಕ್ಕಣೆ ಮಾಡಿಸುವ ರೂಢಿ ಬಂದಿದೆ. ಹುರುಳಿಯ ಬಳ್ಳಿ ಚಕ್ರದ ಅಚ್ಚಿಗೆ ಸುತ್ತಿಕೊಂಡು, ಕಾದ ಸೈಲೆನ್ಸರಿಗೆ ತಗುಲಿ, ಕಾರುಗಳು ಸುಟ್ಟುಹೋದ ಪ್ರಸಂಗಗಳು ಕರ್ನಾಟಕದಲ್ಲಿ ನಡೆದಿವೆ. ಒಣಹುಲ್ಲಿನ ಬೆಂಕಿ ಎಂಥದೆಂಬುದಕ್ಕೆ 2019ನೆಯ ಇಸವಿ ಫೆಬ್ರವರಿ 23ರಂದು ಬೆಂಗಳೂರಿನ ಯಲಹಂಕದ ವೈಮಾನಿಕ ಪ್ರದರ್ಶನದಲ್ಲಿ ನಡೆದ ಅನಾಹುತವೇ ಸಾಕ್ಷಿ. ಕಾರುಗಳನ್ನು ನಿಲ್ಲಿಸಿದ್ದ ಬಯಲಿನ ಹುಲ್ಲು ಹೊತ್ತಿಕೊಂಡು ಸುಮಾರು 300 ಕಾರುಗಳು ಭಸ್ಮವಾದವು.

ಈಗ ತುಮಕೂರಿನಿಂದ ಕುಣಿಗಲಿಗೆ ಸಂಸಾರಸಮೇತನಾಗಿ ಹೊರಟ ಗೃಹಸ್ಥನೊಬ್ಬನನ್ನು ಊಹಿಸೋಣ. ಹೆಬ್ಬೂರನ್ನು ದಾಟುತ್ತಲೇ ರಬ್ಬರು ಸುಟ್ಟ ವಾಸನೆ. ಮುಂದಿನ ಮುಚ್ಚಳದ ಸಂದಿನಿಂದ ಹೊಗೆ. ಆತನು ಕಾರನ್ನು ಹುಲ್ಲು ಬಣವೆಗಳಿಲ್ಲದ ಕಡೆ ಅಂಚಿಗೆ ನಿಲ್ಲಿಸಿ, ಇಂಜಿನ್ನನ್ನು ಆರಿಸಿ, ಕೈಬ್ರೇಕು ಹಾಕಿ, ಎಲ್ಲರನ್ನೂ ಇಳಿಸತಕ್ಕದ್ದು. ಬಾಗಿಲು ತೆರೆಯದಿದ್ದರೆ ಪಕ್ಕದ ಗಾಜಿನ ಮೂಲೆಗೆ ಚೂಪಾದ ಗಟ್ಟಿ ವಸ್ತುವಿನಿಂದ ಹೊಡೆಯಬೇಕು. ಎಲ್ಲರೂ 100 ಅಡಿಗಳಷ್ಟಾದರೂ ದೂರ, ಹೊಗೆ ತಮ್ಮ ಕಡೆಗೆ ಬಾರದಂತೆ ನಿಲ್ಲಲಿ. ಅನಂತರ 112 ಅಥವಾ 101ಕ್ಕೆ ದೂರವಾಣಿ ಮಾಡತಕ್ಕದ್ದು.

ಇಲ್ಲಿ ಮೂರು ಮೋಹಗಳು ಮನುಷ್ಯನನ್ನು ಕಾಡುವುವು. ಮೊದಲನೆಯದು, ಮುಚ್ಚಳವನ್ನೆತ್ತಿ ನೋಡುವ ಕುತೂಹಲ. ಎತ್ತಿದೊಡನೆ ಒಳಕ್ಕೆ ಗಾಳಿ ನುಗ್ಗಿ, ಅಡಗಿದ್ದ ಉರಿ ಮುಖಕ್ಕೇ ಚಿಮ್ಮುವುದು. ಎರಡನೆಯದು, ಬಿಂದಿಗೆ ನೀರನ್ನು ಸುರಿಯುವ ಆತುರ. ಪೆಟ್ರೋಲು ನೀರಿಗಿಂತ ಹಗುರವಾದ್ದರಿಂದ ತೇಲಿ ಹರಿದು ಬೆಂಕಿಯನ್ನು ಹರಡುವುದು. ಒಣಪುಡಿಯ ಅಗ್ನಿನಂದಕವಿದ್ದರೆ, ಉರಿ ಇನ್ನೂ ಅಲ್ಪವಾಗಿದ್ದರೆ, ಗಾಳಿಗೆ ಬೆನ್ನುಮಾಡಿ ನಿಂತು ಮುಚ್ಚಳದ ಸಂದಿನಿಂದಲೇ ಪುಡಿಯನ್ನು ಬಿಡಬಹುದು. ಚಿಕ್ಕ ನಂದಕವು ಕೆಲವೇ ಸೆಕೆಂಡುಗಳಲ್ಲಿ ಬರಿದಾಗುವುದು. ಅಷ್ಟರಲ್ಲಿ ಆರದಿದ್ದರೆ ಹಿಂದೆ ಸರಿಯುವುದೇ ವಿವೇಕ. ಮೂರನೆಯ ಮೋಹವೇ ಅತಿ ಭಯಂಕರವಾದುದು. ಒಡವೆಯ ಚೀಲ ಹಿಂದಿನ ಸೀಟಿನಲ್ಲಿದೆ, ಕಾಗದಪತ್ರ ಒಳಗಿದೆ ಎಂದು ಮರಳಿ ಹೋಗುವುದು. ಒಡವೆಯನ್ನು ಮತ್ತೆ ಮಾಡಿಸಬಹುದು, ಪತ್ರದ ನಕಲನ್ನು ಪಡೆಯಬಹುದು. ಹೋದ ಜೀವಕ್ಕೆ ನಕಲಿಲ್ಲ.

ಉರಿ ಕಾಣದಾಯಿತೆಂದ ಮಾತ್ರಕ್ಕೆ ಬೆಂಕಿ ಮುಗಿಯಿತೆಂದು ಭಾವಿಸಬಾರದು. ಲೋಹ ಕಾದೇ ಇರುವುದು, ಸುಟ್ಟ ತಂತಿಗಳು ಒಂದಕ್ಕೊಂದು ತಗುಲಿರುವುವು, ಪೆಟ್ರೋಲು ಇನ್ನೂ ತೊಟ್ಟಿಕ್ಕುತ್ತಿರಬಹುದು. "ಮನೆ ಹತ್ತಿರವೇ ಇದೆ, ಒಮ್ಮೆ ಚಾಲೂ ಮಾಡಿ ನೋಡೋಣ" ಎಂಬ ಮಾತು ಅಗ್ನಿಶೇಷಕ್ಕೆ ತುಪ್ಪ ಹೊಯ್ದಂತೆಯೇ ಸರಿ. ಕಾರನ್ನು ಎಳೆಸಿಕೊಂಡೇ ಹೋಗತಕ್ಕದ್ದು. ಕುಶಲನಾದ ಮೆಕ್ಯಾನಿಕ್ಕು ನೋಡುವವರೆಗೆ ಬೀಗದ ಕೈಯನ್ನು ತಿರುಗಿಸಕೂಡದು. ಯಾರಿಗಾದರೂ ಸುಟ್ಟಿದ್ದರೆ ಆ ಭಾಗದ ಮೇಲೆ 20 ನಿಮಿಷ ತಣ್ಣೀರನ್ನು ಹರಿಯಬಿಡಬೇಕು. ಶಾಯಿ, ಬೆಣ್ಣೆ, ಹಲ್ಲುಜ್ಜುವ ಪೇಸ್ಟುಗಳನ್ನು ಹಚ್ಚಬಾರದು. ಹೊಗೆ ಕುಡಿದವರಿಗೆ ಕೆಮ್ಮು ಉಬ್ಬಸ ತೋರಿದರೆ ವೈದ್ಯರಲ್ಲಿಗೆ ಕರೆದೊಯ್ಯುವುದಕ್ಕೆ ತಡಮಾಡಬಾರದು.

ಇನ್ನು ಋಣಶೇಷ. ಕಾರು ಬೂದಿಯಾದರೂ ಸಾಲ ಬೂದಿಯಾಗದು. 1988ರ ಮೋಟಾರು ವಾಹನ ಕಾಯಿದೆಯು ಕಡ್ಡಾಯ ಮಾಡಿರುವ ಥರ್ಡ್ ಪಾರ್ಟಿ ವಿಮೆಯು ಪರರಿಗಾದ ನಷ್ಟಕ್ಕೆ ಮಾತ್ರ ಸಲ್ಲುವುದು. ನಮ್ಮ ಕಾರಿನ ಬೆಂಕಿಗೆ ಅದರಿಂದ ಕಾಸೂ ದೊರೆಯದು. ಸ್ವಂತ ವಾಹನದ ಹಾನಿಯನ್ನೂ ಒಳಗೊಂಡ ವಿಮೆಯಿದ್ದವರಿಗೆ ಮಾತ್ರ ಆಸರೆ. ಅಂಥವರು ಕೂಡಲೇ ಕಂಪನಿಗೆ ತಿಳಿಸಿ, ಛಾಯಾಚಿತ್ರಗಳನ್ನು ತೆಗೆಸಿ, ಕಂಪನಿಯ ಪರೀಕ್ಷಕರು ನೋಡುವವರೆಗೆ ಯಾವ ಭಾಗವನ್ನೂ ಬಿಚ್ಚಿಸದಿರಬೇಕು. ಅಗ್ನಿಶಾಮಕ ದಳ ಬಂದಿದ್ದರೆ ಅವರ ವರದಿಯನ್ನೂ ಪಡೆದಿಡಬೇಕು. ಕಾರು ಪೂರ್ತಿ ನಾಶವಾಗಿದ್ದಲ್ಲಿ ಪರಿಹಾರದ ಹಣವು ಮೊದಲು ಸಾಲ ಕೊಟ್ಟವರಿಗೆ ಸಲ್ಲುವುದೆಂಬುದನ್ನೂ, 14 ದಿನಗಳೊಳಗಾಗಿ ಸಾರಿಗೆ ಕಚೇರಿಗೆ ತಿಳಿಸಬೇಕೆಂಬುದನ್ನೂ ಮರೆಯಬಾರದು.

ಉಳಿದದ್ದು ಹಗೆ. ಹುರುಳಿ ಹರಡಿದ ರೈತನೂ ಕಾರು ಕಳೆದುಕೊಂಡ ಗೃಹಸ್ಥನೂ ಪರಸ್ಪರ ಬೈದಾಡಿ ವ್ಯಾಜ್ಯ ಬೆಳೆಸುವುದಕ್ಕಿಂತ, ಗ್ರಾಮ ಪಂಚಾಯಿತಿಯಿಂದ ಊರಿಗೊಂದು ಕಣ ಮಾಡಿಸಿಕೊಳ್ಳುವುದು ಇಬ್ಬರಿಗೂ ಹಿತ. ರಸ್ತೆಯಲ್ಲಿ ಒಕ್ಕಿದರೆ ಕಾಳೂ ಮಣ್ಣುಪಾಲು, ಕಾರೂ ಬೆಂಕಿಪಾಲು.

ಇದನ್ನೋದಿದ ಗೃಹಸ್ಥರು ಮುಂದಿನ ಪ್ರಯಾಣಕ್ಕೆ ಮುನ್ನ ತಣ್ಣಗಿರುವ ಇಂಜಿನ್ನಿನ ಮುಚ್ಚಳವನ್ನೊಮ್ಮೆ ತೆರೆದು, ಇಲಿಯ ಗೂಡುಂಟೇ, ಕೊಳವೆ ಬಿರಿದಿದೆಯೇ ನೋಡಲಿ. ಪೆಟ್ಟಿಗೆಯಲ್ಲಿರುವ ವಿಮಾಪತ್ರವನ್ನು ಮನೆಯಾಕೆಯೊಡನೆ ಕುಳಿತು ಒಮ್ಮೆ ಪೂರ್ತಿಯಾಗಿ ಓದಲಿ. ಅರ್ಧ ಗಂಟೆಯ ಕೆಲಸವಷ್ಟೆ.