ತೆಂಗಿನಕಾಯಿ ಬಿದ್ದರೆ ನಗುವವರು ಯಾರು?

ಕಾಯಿ ಬಲಿತ ಮರದ ಬುಡದಲ್ಲಿ ಮಗುವನ್ನು ಮಲಗಿಸಬಾರದು ಎಂದು ಕಡೂರು, ತರೀಕೆರೆ, ಅಜ್ಜಂಪುರದ ತೋಟದ ಮನೆಗಳಲ್ಲಿ ಯಾರೂ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಇದೇ ಅಪಾಯವನ್ನು ಅಧ್ಯಯನ ಮಾಡಿದ ಕೆನಡಾದ ವೈದ್ಯ ಪೀಟರ್ ಬಾರ್ಸ್ ಅವರಿಗೆ 2001ರಲ್ಲಿ ಇಗ್ ನೊಬೆಲ್ ಬಹುಮಾನ ಬಂತು. ಮಾರ್ಕ್ ಅಬ್ರಹಾಮ್ಸ್ ಎಂಬ ಸಂಪಾದಕರು 1991ರಲ್ಲಿ ಅಮೆರಿಕದಲ್ಲಿ ಆರಂಭಿಸಿದ ಬಹುಮಾನವಿದು. ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗಳನ್ನು ಹುಡುಕಿ ಗೌರವಿಸುವುದು ಅದರ ಉದ್ದೇಶ. ಸಮಾರಂಭದಲ್ಲಿ ಸಭಿಕರು ವೇದಿಕೆಯತ್ತ ಕಾಗದದ ವಿಮಾನ ತೂರುತ್ತಾರೆ. ಬಹುಮಾನ ಕೊಡಲು ನಿಜವಾದ ನೊಬೆಲ್ ಪುರಸ್ಕೃತರೇ ಬರುತ್ತಾರೆ. ಇದನ್ನು ವಿಜ್ಞಾನದ ವಿನೋದಕೂಟವೆಂದು ಬದಿಗೆ ಸರಿಸುವವರೇ ಹೆಚ್ಚು. ಆದರೆ ತೆಂಗು, ಅಡಿಕೆ, ದನಕರುಗಳ ಈ ಸೀಮೆಯಿಂದ ನೋಡಿದರೆ ಬೇರೊಂದು ಸಂಗತಿ ಕಾಣುತ್ತದೆ. ದೂರದವರಿಗೆ ನಗು ತರಿಸುವ ಪ್ರಶ್ನೆ ಹಲವು ಸಲ ಇನ್ನೊಬ್ಬರ ದಿನನಿತ್ಯದ ಬದುಕಿನ ಪ್ರಶ್ನೆಯಾಗಿರುತ್ತದೆ.

ಬಾರ್ಸ್ ಕೆಲಸ ಮಾಡುತ್ತಿದ್ದದ್ದು ಪಪುವಾ ನ್ಯೂಗಿನಿಯ ಅಲೊಟಾವು ಎಂಬಲ್ಲಿನ ಆಸ್ಪತ್ರೆಯಲ್ಲಿ. ಗಾಯಗೊಂಡು ದಾಖಲಾದವರ ನಾಲ್ಕು ವರ್ಷಗಳ ವಿವರ ತೆಗೆದು ನೋಡಿದಾಗ, ಅವರಲ್ಲಿ ಶೇ 2.5ರಷ್ಟು ಮಂದಿ ತೆಂಗಿನಕಾಯಿ ಬಿದ್ದು ಪೆಟ್ಟಾದವರು ಎಂದು ತಿಳಿಯಿತು. ಅಲ್ಲಿನ ಮರಗಳು 24ರಿಂದ 35 ಮೀಟರ್ ಬೆಳೆಯುತ್ತವೆ. ಸಿಪ್ಪೆ ಸಮೇತ ಕಾಯಿಯ ತೂಕ ಒಂದರಿಂದ ನಾಲ್ಕು ಕಿಲೋ. ಅಷ್ಟೆತ್ತರದಿಂದ ತಲೆಗೆ ಬಿದ್ದರೆ ಬುರುಡೆ ಒಡೆಯುತ್ತದೆ, ಜೀವವೂ ಹೋಗುತ್ತದೆ. 1984ರಲ್ಲಿ ಪ್ರಕಟವಾದ ಈ ಪ್ರಬಂಧದಲ್ಲಿ ನಗುವಂಥದ್ದು ಒಂದೂ ಇಲ್ಲ. ಜಗತ್ತಿನಲ್ಲಿ ವರ್ಷಕ್ಕೆ 150 ಮಂದಿ ತೆಂಗಿನಕಾಯಿ ಬಿದ್ದು ಸಾಯುತ್ತಾರೆ ಎಂಬ ಮಾತು ಮುಂದೆ ಎಲ್ಲೆಡೆ ಹರಡಿತು. ಬಾರ್ಸ್ ಅಂಥ ಲೆಕ್ಕ ಕೊಟ್ಟೇ ಇಲ್ಲ. ಎಣಿಸಿದವರು ಮಿತವಾಗಿ ಹೇಳಿದ್ದನ್ನು ಎಣಿಸದವರು ಹಿಗ್ಗಿಸಿದರು.

ಅದೇ 2001ರಲ್ಲಿ ಸಾರ್ವಜನಿಕ ಆರೋಗ್ಯ ವಿಭಾಗದ ಬಹುಮಾನ ಬಂದದ್ದು ಬೆಂಗಳೂರಿನ ನಿಮ್ಹಾನ್ಸ್‌ಗೆ. ಮನೋವೈದ್ಯರಾದ ಚಿತ್ತರಂಜನ್ ಅಂದ್ರಾದೆ ಮತ್ತು ಬಿ.ಎಸ್. ಶ್ರೀಹರಿ ನಗರದ ನಾಲ್ಕು ಶಾಲೆಗಳ 200 ಹದಿಹರೆಯದ ಮಕ್ಕಳನ್ನು ಮೂಗಿಗೆ ಬೆರಳು ಹಾಕುವ ಅಭ್ಯಾಸದ ಬಗ್ಗೆ ವಿಚಾರಿಸಿದ್ದರು. ಹೆಚ್ಚುಕಡಿಮೆ ಎಲ್ಲರೂ ಒಪ್ಪಿಕೊಂಡರು. ಶೇ 7.6ರಷ್ಟು ಮಕ್ಕಳು ದಿನಕ್ಕೆ 20ಕ್ಕೂ ಹೆಚ್ಚು ಸಲ ಹಾಗೆ ಮಾಡುತ್ತಿದ್ದರು. ಮೂಗಿನಿಂದ ರಕ್ತ ಬಂದವರೂ ಇದ್ದರು. ಮನೋವೈದ್ಯರಿಗೆ ಇದು ಬೇಕಾದ ಮಾಹಿತಿ. ಯಾವುದು ಎಲ್ಲರಲ್ಲೂ ಇರುವ ಅಭ್ಯಾಸ, ಯಾವುದು ಬಿಡಲಾಗದ ಗೀಳು ಎಂದು ಬೇರ್ಪಡಿಸಲು ಮೊದಲು ಸಾಮಾನ್ಯದ ಅಳತೆ ಬೇಕು.

ಇಂಥವಕ್ಕೆ ಹಣವೇಕೆ, ಇದೆಲ್ಲ ಗೊತ್ತಿರುವುದೇ ಅಲ್ಲವೇ ಎಂಬ ಆಕ್ಷೇಪವಿದೆ. 2009ರ ಪಶುವೈದ್ಯಕೀಯ ಬಹುಮಾನವನ್ನೇ ನೋಡೋಣ. ಇಂಗ್ಲೆಂಡಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು 516 ಹೈನುಗಾರರನ್ನು ಕೇಳಿ, ಹೆಸರಿಟ್ಟು ಕರೆಯುವ ಕೊಟ್ಟಿಗೆಗಳಲ್ಲಿ ಹಸುಗಳ ಹಾಲು ಹೆಚ್ಚೆಂದು ಕಂಡುಕೊಂಡರು. ಒಂದು ಕರಾವಿನ ಅವಧಿಗೆ ವ್ಯತ್ಯಾಸ 258 ಲೀಟರ್. ಗೌರಿ, ಲಕ್ಷ್ಮಿ ಎಂದು ಕರೆದೇ ಹಾಲು ಕರೆಯುವ ನಮ್ಮವರು ‘ಇದನ್ನು ನಮ್ಮಜ್ಜಿಯೇ ಹೇಳುತ್ತಿದ್ದರು’ ಎನ್ನಬಹುದು. ಅಜ್ಜಿ ಹೇಳಿದ್ದು ಸರಿಯೇ ಇರಬಹುದು, ಎಷ್ಟರಮಟ್ಟಿಗೆ ಸರಿ ಎಂಬುದು ಅಳೆದರೆ ಮಾತ್ರ ತಿಳಿಯುತ್ತದೆ. ಹೆಸರೇ ಹಾಲು ತಂದಿತೆಂದು ಆ ಅಧ್ಯಯನದಿಂದ ಸಿದ್ಧವಾಗುವುದೂ ಇಲ್ಲ. ಹೆಸರಿಡುವವರು ಮೇವು, ಮೈದಡವುವಿಕೆ ಎಲ್ಲದರಲ್ಲೂ ಹೆಚ್ಚು ಅಕ್ಕರೆ ತೋರುವವರಿರಬಹುದು. ಅಮೃತಮಹಲ್ ತಳಿಯ ಸಂವರ್ಧನಾ ಕೇಂದ್ರವಿರುವ ಅಜ್ಜಂಪುರದ ಸುತ್ತಮುತ್ತ ಈ ಚರ್ಚೆ ಅಪರಿಚಿತವಾಗಬಾರದು. ಆ ತಳಿಯ ಹಸು ಹಾಲಿಗೆ ಹೆಸರಾದದ್ದಲ್ಲ, ಎತ್ತುಗಳು ಓಟಕ್ಕೂ ಭಾರ ಎಳೆಯುವುದಕ್ಕೂ ಹೆಸರಾದವು. ದನಕ್ಕೂ ಸಾಕುವವರಿಗೂ ಇರುವ ಒಡನಾಟ ಅಲ್ಲಿಯೂ ಅಳೆಯಬೇಕಾದ ವಿಷಯವೇ.

ಹೆಚ್ಚು ತೂಕದ ಆಕ್ಷೇಪ ಇನ್ನೊಂದು. ಪ್ರಾಮಾಣಿಕ ಸಂಶೋಧಕರು ನಗೆಪಾಟಲಾಗುತ್ತಾರೆಂದು ಬ್ರಿಟನ್ ಸರ್ಕಾರದ ಮುಖ್ಯ ವೈಜ್ಞಾನಿಕ ಸಲಹೆಗಾರರಾಗಿದ್ದ ರಾಬರ್ಟ್ ಮೇ 1990ರ ದಶಕದಲ್ಲಿ ವಿರೋಧಿಸಿದ್ದರು. ಕಳವಳ ನ್ಯಾಯವಾದದ್ದೇ. ಆದರೆ ಬಹುಮಾನಕ್ಕೆ ಆಯ್ಕೆಯಾದವರನ್ನು ಸಾಮಾನ್ಯವಾಗಿ ಮೊದಲೇ ಗುಟ್ಟಾಗಿ ಕೇಳಲಾಗುತ್ತದೆ. ಬೇಡವೆಂದರೆ ವಿಷಯ ಹೊರಬೀಳದು. ಅಯಸ್ಕಾಂತದ ಬಲದಿಂದ ಕಪ್ಪೆಯನ್ನು ಗಾಳಿಯಲ್ಲಿ ತೇಲಿಸಿ 2000ರಲ್ಲಿ ಇಗ್ ನೊಬೆಲ್ ಪಡೆದ ಆಂದ್ರೆ ಗೀಮ್, ಗ್ರಾಫೀನ್ ಕುರಿತ ಕೆಲಸಕ್ಕಾಗಿ 2010ರಲ್ಲಿ ಭೌತಶಾಸ್ತ್ರದ ನೊಬೆಲ್ ಅನ್ನೇ ಹಂಚಿಕೊಂಡರು. ನಗು ಅವರ ದಾರಿಗೆ ಅಡ್ಡ ಬರಲಿಲ್ಲ.

ಅಲೊಟಾವುವಿನ ವೈದ್ಯರು ಬಳಸಿದ್ದು ಆಸ್ಪತ್ರೆಯ ದಾಖಲೆಗಳನ್ನು. ಕಡೂರು, ತರೀಕೆರೆ ಮತ್ತು ಈಚೆಗೆ ತಾಲ್ಲೂಕಾದ ಅಜ್ಜಂಪುರದ ಆಸ್ಪತ್ರೆಗಳೂ ಕಾಯಿ ಬಿದ್ದು ಗಾಯಗೊಂಡವರನ್ನೂ, ತೆಂಗು ಅಡಿಕೆ ಮರದಿಂದ ಜಾರಿ ಬಿದ್ದ ಕೊನೆಗಾರರನ್ನೂ ದಾಖಲೆ ಪುಸ್ತಕದಲ್ಲಿ ಪ್ರತ್ಯೇಕವಾಗಿ ಗುರುತಿಸಿ, ಮರದ ಎತ್ತರ ಮತ್ತು ತಿಂಗಳನ್ನು ಪಕ್ಕದಲ್ಲೇ ಬರೆದಿಡಲಿ.